ಗರ್ಭ ನಿಲ್ಲುವುದು ಒಬ್ಬಳ ಕೆಲಸವಲ್ಲ

ಮದುವೆಯಾಗಿ ಆರು ತಿಂಗಳು ಕಳೆಯುವುದರೊಳಗೆ ನಮ್ಮ ಕಡೆ ಸೊಸೆಯಂದಿರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: "ಏನಮ್ಮಾ, ಏನಾದ್ರೂ ವಿಶೇಷ?" ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಎಲ್ಲಿ ಹೋದರೂ ಇದೇ ಮಾತು, ಇದೇ ದನಿ. ಎರಡು ವರ್ಷವಾದರೆ ಪ್ರಶ್ನೆ ಹೋಗಿ ಸಲಹೆಗಳು ಬರುತ್ತವೆ. ಮೂರಾದರೆ ಅತ್ತೆಯೇ ಮುಂದೆ ನಿಂತು ಗೊರವನಹಳ್ಳಿ ಮಹಾಲಕ್ಷ್ಮಿಗೆ ಹರಕೆ ಹೊರಿಸುತ್ತಾರೆ. ಶುಕ್ರವಾರ ಆ ದೇವಸ್ಥಾನದ ಸಾಲಿನಲ್ಲಿ ನಿಂತವರಲ್ಲಿ ಮಡಿಲು ತುಂಬಲಿ ಎಂದು ಬೇಡಿಕೊಳ್ಳುವವರು ಎಷ್ಟೋ ಮಂದಿ ಇರುತ್ತಾರೆ. ಹರಕೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಪೂಜೆ ನಿಂತುಹೋಗಿದ್ದ ಆ ಗುಡಿಯಲ್ಲಿ ಮತ್ತೆ ದೀಪ ಹಚ್ಚಿ, ಅದನ್ನು ಇಷ್ಟು ದೊಡ್ಡ ಕ್ಷೇತ್ರವಾಗಿ ಬೆಳೆಸಿದವರು ಕಮಲಮ್ಮ ಎಂಬ ಹೆಣ್ಣುಮಗಳು. ಅಂಥ ಜಾಗದಲ್ಲಿ ಹೆಣ್ಣುಮಕ್ಕಳು ತಮ್ಮ ಸಂಕಟ ತೋಡಿಕೊಂಡು ಬಂದರೆ ಒಳ್ಳೆಯದೇ. ನನ್ನ ತಕರಾರು ಬೇರೆ. ಹರಕೆ ಅವಳೊಬ್ಬಳದೇ ಯಾಕೆ? ಆಸ್ಪತ್ರೆಯ ಚೀಟಿಯೂ ಅವಳೊಬ್ಬಳ ಹೆಸರಿನಲ್ಲೇ ಯಾಕೆ? ಮುಟ್ಟು ನಾಲ್ಕು ದಿನ ತಡವಾಗಿ ಆಮೇಲೆ ಹೊರಗಾದರೆ "ನೀನು ಮೊನ್ನೆ ನೀರಿನ ಬಿಂದಿಗೆ ಹೊತ್ತೆ, ಅದಕ್ಕೇ ಹೋಯಿತು" ಎಂಬ ಮಾತನ್ನು ಅವಳು ಯಾಕೆ ಕೇಳಬೇಕು?

ಗರ್ಭ ಹೇಗೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಈ ಮಾತುಗಳಲ್ಲಿ ಒಂದಕ್ಕೂ ಆಧಾರ ಉಳಿಯುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಹೆಣ್ಣಿನ ಅಂಡಾಣು, ಗಂಡಿನ ವೀರ್ಯಾಣು ಸೇರಿದರೆ ಬಸಿರಾಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಶಾಲೆಯ ಪುಸ್ತಕವೂ ಹೆಚ್ಚು ಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಕಷ್ಟದ ಭಾಗ ಇರುವುದು ಅದರ ನಂತರ. ಇದನ್ನು ಪ್ರಪಂಚಕ್ಕೆ ತೋರಿಸಿಕೊಟ್ಟದ್ದು ಟೆಸ್ಟ್ ಟ್ಯೂಬ್ ಬೇಬಿಯ ಚರಿತ್ರೆ. ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಮತ್ತು ಅವರ ಜೊತೆಗಾರರು ಮನುಷ್ಯರ ಅಂಡಾಣುವನ್ನು ಗಾಜಿನ ತಟ್ಟೆಯಲ್ಲಿ ಫಲಗೊಳಿಸಿದ್ದನ್ನು 1969ರಲ್ಲೇ ಪ್ರಕಟಿಸಿದ್ದರು. ಮೊದಲ ಮಗು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ನಡುವೆ ಒಂಬತ್ತು ವರ್ಷ. ಆ ಅವಧಿಯಲ್ಲಿ ತಟ್ಟೆಯಲ್ಲಿ ಭ್ರೂಣಗಳು ಬೆಳೆಯುತ್ತಿದ್ದವು, ಗರ್ಭಕೋಶಕ್ಕೆ ಬಿಟ್ಟರೆ ನಿಲ್ಲುತ್ತಿರಲಿಲ್ಲ. ಒಮ್ಮೆ ನಿಂತದ್ದೂ ಗರ್ಭಕೋಶದಲ್ಲಲ್ಲ, ಅಂಡಾಶಯದಿಂದ ಗರ್ಭಕೋಶಕ್ಕೆ ಬರುವ ಟ್ಯೂಬಿನಲ್ಲಿ, ಅದನ್ನು ತೆಗೆಯಬೇಕಾಯಿತು. ಫಲಗೊಳಿಸುವ ವಿದ್ಯೆ ಕೈಗೆ ಬಂದಿತ್ತು. ನೆಲೆಯೂರಿಸುವ ವಿದ್ಯೆ ಬಂದಿರಲಿಲ್ಲ. ಹೆಚ್ಚು ಅಂಡಾಣು ಸಿಗಲೆಂದು ಕೊಡುತ್ತಿದ್ದ ಹಾರ್ಮೋನುಗಳೇ ಗರ್ಭಕೋಶದ ಒಳಪದರದ ಲಯ ಕೆಡಿಸುತ್ತಿದ್ದವು. ಕೊನೆಗೆ ಆ ಔಷಧಿಗಳನ್ನು ಬಿಟ್ಟು, ಸಹಜ ಋತುಚಕ್ರದಲ್ಲಿ ಸಿಕ್ಕಿದ ಒಂದೇ ಅಂಡಾಣುವಿನಿಂದ ಲೂಯಿಸ್ ಹುಟ್ಟಿದಳು.

ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಎರಡನೇ ಮಗು ಹುಟ್ಟಿತು. ಡಾ. ಸುಭಾಷ್ ಮುಖರ್ಜಿ ಈ ತೊಡಕನ್ನು ಬಿಡಿಸಿದ ದಾರಿಯೇ ಬೇರೆ. ಹಾರ್ಮೋನು ಕೊಟ್ಟು ಅಂಡಾಣುಗಳನ್ನು ಪಡೆದರು, ಫಲಗೊಳಿಸಿದರು. ಆದರೆ ಭ್ರೂಣವನ್ನು ಆ ತಿಂಗಳೇ ಗರ್ಭಕೋಶಕ್ಕೆ ಬಿಡಲಿಲ್ಲ. 53 ದಿನ ಹಿಮಗಟ್ಟಿಸಿ ಇಟ್ಟರು. ತಾಯಿಯ ಶರೀರ ತನ್ನ ಸಹಜ ಲಯಕ್ಕೆ ಮರಳಿದ ಮೇಲೆ, ಔಷಧಿಯ ಹಂಗಿಲ್ಲದ ಚಕ್ರದಲ್ಲಿ ಭ್ರೂಣವನ್ನು ಒಳಗೆ ಬಿಟ್ಟರು. ಇವತ್ತು ಲೋಕದಾದ್ಯಂತ ಐವಿಎಫ್, ಅಂದರೆ ಟೆಸ್ಟ್ ಟ್ಯೂಬ್ ಬೇಬಿ ಕೇಂದ್ರಗಳಲ್ಲಿ ಭ್ರೂಣವನ್ನು ಹಿಮಗಟ್ಟಿಸಿ ಮುಂದಿನ ತಿಂಗಳುಗಳಲ್ಲಿ ಬಿಡುವುದು ಮಾಮೂಲಾಗಿದೆ. ಆಗ ಮಾತ್ರ ಅವರನ್ನು ಯಾರೂ ನಂಬಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ತಳ್ಳಿಹಾಕಿತು, ಸಂಬಂಧವೇ ಇಲ್ಲದ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ತಮ್ಮ ಜೀವ ತೆಗೆದುಕೊಂಡರು.

ಅವರ ಹೆಸರನ್ನು ಎತ್ತಿಹಿಡಿದ ಕೆಲಸಕ್ಕೆ ನಮ್ಮ ರಾಜ್ಯದ ನಂಟಿದೆ. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಹುಟ್ಟಿದ ಹರ್ಷಾಳನ್ನು ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶ ಕೊಂಡಾಡಿತು. ಆ ಸಾಧನೆಯ ಹಿಂದಿದ್ದ ವಿಜ್ಞಾನಿ ಡಾ. ಟಿ. ಸಿ. ಆನಂದ್ ಕುಮಾರ್. ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ನೆಲೆಸಿ ಬಂಜೆತನ ಚಿಕಿತ್ಸೆಯ ಕೇಂದ್ರ ನಡೆಸಿದ ಅವರು ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಬೆಂಗಳೂರಿನಿಂದ ಹೊರಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಮೊದಲಿಗ ನಾನಲ್ಲ, ಸುಭಾಷ್ ಮುಖರ್ಜಿ ಎಂದು. ತನಗೆ ಸಂದ ಕೀರ್ತಿಯನ್ನು ತಾನೇ ಮುಂದಾಗಿ ಇನ್ನೊಬ್ಬರಿಗೆ ಒಪ್ಪಿಸಿದ ವಿಜ್ಞಾನಿಗಳು ಎಷ್ಟು ಜನ ಇದ್ದಾರು? ನಮ್ಮ ಮಕ್ಕಳಿಗೆ ಪಾಠದಲ್ಲಿ ಹೇಳಬೇಕಾದ ಕತೆ ಇದು.

ಇನ್ನು ಒಳಗೆ ನಡೆಯುವ ಸಂಗತಿಗೆ ಬರೋಣ.

ಅಂಡಾಶಯದಿಂದ ಹೊರಬಿದ್ದ ಅಂಡಾಣು ಟ್ಯೂಬಿನ ಅಗಲವಾದ ಭಾಗದಲ್ಲಿ ವೀರ್ಯಾಣುವನ್ನು ಸಂಧಿಸುತ್ತದೆ. ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಟ್ಯೂಬಿನೊಳಗೆ ನಿಧಾನವಾಗಿ ಜರುಗುತ್ತದೆ. ಮೂರು ನಾಲ್ಕು ದಿನಕ್ಕೆ ಗರ್ಭಕೋಶ ತಲುಪುತ್ತದೆ. ಐದಾರನೇ ದಿನಕ್ಕೆ ನೂರಿನ್ನೂರು ಕೋಶಗಳ, ಒಳಗೆ ನೀರು ತುಂಬಿದ ಒಂದು ಗುಂಡನೆಯ ರೂಪ ಪಡೆಯುತ್ತದೆ. ಇದನ್ನು ಬ್ಲಾಸ್ಟೊಸಿಸ್ಟ್ ಎನ್ನುತ್ತಾರೆ. ಅಳತೆ ಮಿಲಿಮೀಟರಿನ ಐದನೇ ಒಂದು ಭಾಗ. ಆಗಲೇ ಅದರೊಳಗೆ ಎರಡು ಬಗೆಯ ಕೋಶಗಳು ಬೇರೆಯಾಗಿರುತ್ತವೆ. ಒಳಗಡೆ ಒಂದು ಮೂಲೆಗೆ ಕೂಡಿಕೊಂಡ ಕೋಶಗಳಿಂದ ಮುಂದೆ ಮಗು ರೂಪುಗೊಳ್ಳುತ್ತದೆ. ಹೊರಗಿನ ಸುತ್ತಿನ ಕೋಶಗಳು ಮಾಸು ಆಗುತ್ತವೆ. ಗರ್ಭಕೋಶದ ಗೋಡೆಯನ್ನು ಕಚ್ಚಿ ಹಿಡಿಯುವ ಕೆಲಸ ಈ ಹೊರಸುತ್ತಿನ ಕೋಶಗಳದು.

ಕಚ್ಚುವ ಮೊದಲು ಇನ್ನೊಂದು ಕೆಲಸವಿದೆ. ಅಂಡಾಣುವಿನ ಕಾಲದಿಂದಲೂ ಭ್ರೂಣದ ಸುತ್ತ ಒಂದು ಗಟ್ಟಿ ಪೊರೆ ಇರುತ್ತದೆ. ದಾರಿಯಲ್ಲಿ ಟ್ಯೂಬಿಗೇ ಅಂಟಿಕೊಳ್ಳದಂತೆ ಕಾಪಾಡಿದ ಪೊರೆ ಅದು. ಈಗ ಅದನ್ನು ಒಡೆದು ಭ್ರೂಣ ಹೊರಬರಬೇಕು. ಬರದಿದ್ದರೆ ಗೋಡೆಯನ್ನು ಮುಟ್ಟುವುದೇ ಇಲ್ಲ. ಈ ಒಂದು ಹೆಜ್ಜೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ತಂಡ ಬೆಂಗಳೂರಿನಲ್ಲೇ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ. ಬಿ. ಶೇಷಗಿರಿ ಮತ್ತು ಅವರ ವಿದ್ಯಾರ್ಥಿಗಳು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಯ ಭ್ರೂಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಭ್ರೂಣ ಸುಮ್ಮನೆ ಉಬ್ಬಿ ಪೊರೆ ಹರಿಯುವುದಿಲ್ಲ. ಹೊರಸುತ್ತಿನ ಕೋಶಗಳು ಸಣ್ಣ ಸಣ್ಣ ಚಾಚುಗಳನ್ನು ಹೊರಡಿಸುತ್ತವೆ, ಕೆಥೆಪ್ಸಿನ್ ಎಂಬ ಕಿಣ್ವಗಳು ಪೊರೆಯನ್ನು ಕರಗಿಸುತ್ತವೆ. ಆ ಕಿಣ್ವಗಳನ್ನು ತಡೆದರೆ ಭ್ರೂಣ ಒಳಗೇ ಉಳಿಯುತ್ತದೆ. ಅದಕ್ಕೂ ಬಹಳ ಮುಂಚೆ, 1960ರ ದಶಕದಲ್ಲೇ, ಅದೇ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಅವರ ತಂಡ ಎಲ್‌ಎಚ್ ಎಂಬ ಹಾರ್ಮೋನನ್ನು ಪ್ರತಿಕಾಯಗಳಿಂದ ತಡೆದು, ಇಲಿಗಳಲ್ಲಿ ಗರ್ಭ ನೆಲೆಯೂರುವುದಕ್ಕೂ ಈ ಹಾರ್ಮೋನಿಗೂ ಸಂಬಂಧವಿದೆ ಎಂದು ತೋರಿಸಿತ್ತು. ತುಮಕೂರಿನಿಂದ ಒಂದೂವರೆ ಎರಡು ಗಂಟೆಯ ಬಸ್ ದಾರಿಯಲ್ಲಿ ಇಂಥ ಕೆಲಸ ನಡೆದಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಗೋಡೆಯ ಕಡೆಯ ತಯಾರಿಯೂ ಕಡಿಮೆಯದಲ್ಲ. ಮುಟ್ಟು ಮುಗಿದ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಒಳಪದರವನ್ನು ದಪ್ಪವಾಗಿಸುತ್ತದೆ. ಅಂಡಾಣು ಹೊರಬಿದ್ದ ಜಾಗದಲ್ಲೇ ಹುಟ್ಟಿಕೊಳ್ಳುವ ಹಳದಿ ಗ್ರಂಥಿ ಪ್ರೊಜೆಸ್ಟರೋನ್ ಸುರಿಸಲು ತೊಡಗುತ್ತದೆ. ಆಗ ಒಳಪದರ ಬೆಳೆಯುವುದನ್ನು ನಿಲ್ಲಿಸಿ ಸ್ವಭಾವವನ್ನೇ ಬದಲಿಸಿಕೊಳ್ಳುತ್ತದೆ. ಗ್ರಂಥಿಗಳು ಸಕ್ಕರೆ, ಪ್ರೋಟೀನುಗಳಿಂದ ತುಂಬುತ್ತವೆ. ರಕ್ತನಾಳಗಳು ಸುರುಳಿ ಸುತ್ತಿಕೊಳ್ಳುತ್ತವೆ. 28 ದಿನದ ಚಕ್ರದಲ್ಲಿ ಸುಮಾರು 20ರಿಂದ 24ನೇ ದಿನದವರೆಗೆ ಮಾತ್ರ ಆ ಗೋಡೆ ಭ್ರೂಣವನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಅದಕ್ಕೆ ಮುಂಚೆ ಬಂದರೆ ಅಂಟುವುದಿಲ್ಲ, ತಡವಾಗಿ ಬಂದರೂ ಅಷ್ಟೆ. ಅಂಡಾಣು ಬಿಡುಗಡೆಯಾದ ತಿಂಗಳಲ್ಲೆಲ್ಲ ಬಸಿರಾಗುವುದಿಲ್ಲ ಎಂಬುದಕ್ಕೆ ಒಂದು ಕಾರಣ ಇಲ್ಲಿದೆ. ಆರೋಗ್ಯವಾಗಿರುವ ಯುವ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಅವಕಾಶ ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ. ವರ್ಷವಿಡೀ ಕೂಡಿಸಿದರೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ದಂಪತಿಗಳಿಗೆ ನಿಲ್ಲುತ್ತದೆ. ಮದುವೆಯಾದ ಮೂರನೇ ತಿಂಗಳಿಗೇ ಮುಖ ಸಣ್ಣದು ಮಾಡಿಕೊಳ್ಳುವವರು ಈ ಲೆಕ್ಕ ತಿಳಿದಿರಬೇಕು.

ಮನುಷ್ಯರ ಭ್ರೂಣ ಗೋಡೆಗೆ ಅಂಟಿ ಸುಮ್ಮನಾಗುವುದಿಲ್ಲ. ಹೊರಸುತ್ತಿನ ಕೋಶಗಳು ಒಳಪದರವನ್ನು ಕೊರೆದುಕೊಂಡು ಒಳಗಿಳಿಯುತ್ತವೆ. ಫಲಗೊಂಡ ಹನ್ನೆರಡು ದಿನದ ಹೊತ್ತಿಗೆ ಭ್ರೂಣ ಪೂರ್ತಿಯಾಗಿ ಗೋಡೆಯೊಳಗೆ ಹುದುಗಿ, ಮೇಲೆ ಪದರ ಮುಚ್ಚಿಕೊಂಡಿರುತ್ತದೆ. ಎಲ್ಲ ಪ್ರಾಣಿಗಳಲ್ಲೂ ಹೀಗಿಲ್ಲ. ಶಿರಾ, ಪಾವಗಡದ ಕುರಿಗಳನ್ನೇ ತೆಗೆದುಕೊಳ್ಳಿ. ಕುರಿಯ ಭ್ರೂಣ ಎರಡು ವಾರ ಗರ್ಭಕೋಶದಲ್ಲಿ ತೇಲುತ್ತಲೇ ಇರುತ್ತದೆ. ಗುಂಡಗಿದ್ದದ್ದು ಎಳೆಯಾಗಿ ಉದ್ದಕ್ಕೆ ಬೆಳೆಯುತ್ತದೆ, ಹತ್ತು ಸೆಂಟಿಮೀಟರನ್ನೂ ದಾಟುತ್ತದೆ. ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಹೊರಡಿಸಿ ತಾನಿದ್ದೇನೆ ಎಂದು ತಾಯಿಗೆ ತಿಳಿಸುತ್ತದೆ. ಆ ಸುದ್ದಿ ಮುಟ್ಟದಿದ್ದರೆ ಕುರಿ ಹದಿನೇಳನೇ ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಕುರಿಯ ಮಾಸು ಗೋಡೆಯನ್ನು ಮೇಲುಮೇಲಕ್ಕೆ ಹಿಡಿಯುತ್ತದೆಯೇ ಹೊರತು ಆಳಕ್ಕಿಳಿಯುವುದಿಲ್ಲ. ಇನ್ನು ಕರಡಿಗಳ ಕುಲದಲ್ಲಿ ಹಲವು ಜಾತಿಗಳು ಭ್ರೂಣವನ್ನು ತಿಂಗಳುಗಟ್ಟಲೆ ತಡೆದಿಟ್ಟುಕೊಂಡು, ಕಾಲ ಕೂಡಿಬಂದ ಮೇಲೆ ನೆಲೆಯೂರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆ ಸವಲತ್ತಿಲ್ಲ. ನಾಲ್ಕೈದು ದಿನದ ಬಾಗಿಲು ಮುಚ್ಚಿದರೆ ಆ ತಿಂಗಳು ಮುಗಿಯಿತು.

ನೆಲೆಯೂರಿದ ಭ್ರೂಣ ಮೊದಲು ಮಾಡುವ ಕೆಲಸ ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಸೇರಿಸುವುದು. ಹಳದಿ ಗ್ರಂಥಿಗೆ ಅದು ಕೊಡುವ ಅಪ್ಪಣೆ ಒಂದೇ: ಪ್ರೊಜೆಸ್ಟರೋನ್ ನಿಲ್ಲಿಸಬೇಡ. ನಿಂತರೆ ಒಳಪದರ ಕಳಚಿ ಮುಟ್ಟಾಗುತ್ತದೆ, ಭ್ರೂಣವೂ ಅದರೊಡನೆ ಹೋಗುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ 'ನಿಶ್ಚಯ್' ಕಿಟ್‌ನಲ್ಲಿ ಎರಡನೇ ಗೆರೆ ಮೂಡಿಸುವುದೂ ಮೂತ್ರಕ್ಕೆ ಬಂದ ಇದೇ ಎಚ್‌ಸಿಜಿ. ನೆಲೆಯೂರದೆ ಈ ಗೆರೆ ಮೂಡುವುದಿಲ್ಲ. ಅದಕ್ಕೇ ಮುಟ್ಟಿನ ದಿನ ದಾಟಿದ ಮೇಲೆ ಪರೀಕ್ಷೆ ಮಾಡಿ ಎನ್ನುವುದು.

ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಎಷ್ಟು ಬಾರಿ ಸೋಲಾಗುತ್ತದೆ? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಲನ್ ವಿಲ್‌ಕಾಕ್ಸ್ ಮತ್ತು ಸಂಗಡಿಗರು ಮಗು ಬೇಕೆಂದು ಬಯಸಿದ್ದ 221 ಆರೋಗ್ಯವಂತ ಮಹಿಳೆಯರಿಂದ ಪ್ರತಿದಿನ ಮೂತ್ರದ ಮಾದರಿ ಪಡೆದು ಎಚ್‌ಸಿಜಿ ಅಳೆದರು. 1988ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯರನ್ನೇ ಬೆರಗುಗೊಳಿಸಿತು. ಹಾರ್ಮೋನು ಕಾಣಿಸಿಕೊಂಡ ಗರ್ಭಗಳಲ್ಲಿ ನೂರಕ್ಕೆ 22ರಷ್ಟು, ಬಸಿರೆಂದು ಗೊತ್ತಾಗುವ ಮೊದಲೇ ಹೋಗಿಬಿಟ್ಟಿದ್ದವು. ಒಟ್ಟು ಸೇರಿಸಿದರೆ 31ರಷ್ಟು. ನೆಲೆಯೂರುವುದಕ್ಕೂ ಮುಂಚೆ ಕಳೆದುಹೋದವು ಈ ಲೆಕ್ಕದಲ್ಲಿ ಬಂದೇ ಇಲ್ಲ. ಹೀಗೆ ಗೊತ್ತಾಗದಂತೆ ಗರ್ಭ ಕಳೆದುಕೊಂಡವರಲ್ಲಿ ನೂರಕ್ಕೆ 95 ಮಂದಿ ಎರಡು ವರ್ಷದೊಳಗೆ ಮತ್ತೆ ಬಸಿರಾದರು. ಈ ಕೊನೆಯ ಸಂಖ್ಯೆಯನ್ನು ನಮ್ಮ ಮನೆಗಳ ಗೋಡೆಗೆ ಬರೆದು ಹಾಕಬೇಕು ಎನಿಸುತ್ತದೆ ನನಗೆ. ಅದೇ ತಂಡ 1999ರಲ್ಲಿ ಇನ್ನೊಂದು ಸಂಗತಿ ಹೇಳಿತು. ಉಳಿದ ಗರ್ಭಗಳಲ್ಲಿ ನೂರಕ್ಕೆ 84, ಅಂಡಾಣು ಬಿಡುಗಡೆಯಾದ 8, 9 ಅಥವಾ 10ನೇ ದಿನ ನೆಲೆಯೂರಿದ್ದವು. ಒಂಬತ್ತನೇ ದಿನದೊಳಗೆ ನೆಲೆಯೂರಿದವುಗಳಲ್ಲಿ ಬೇಗನೆ ಹೋದದ್ದು ನೂರಕ್ಕೆ 13. ಹನ್ನೊಂದನೇ ದಿನದ ನಂತರ ಅಂಟಿದವುಗಳಲ್ಲಿ 82.

ಯಾಕೆ ಹೋಗುತ್ತವೆ? ನೀರು ಹೊತ್ತದ್ದಕ್ಕಲ್ಲ, ಪರಂಗಿ ಹಣ್ಣು ತಿಂದದ್ದಕ್ಕಲ್ಲ, ದೃಷ್ಟಿ ತಾಗಿದ್ದಕ್ಕೂ ಅಲ್ಲ. ಬೇಗನೆ ಹೋಗುವ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಕ್ರೋಮೊಸೋಮುಗಳ ಸಂಖ್ಯೆಯೇ ತಪ್ಪಿರುತ್ತದೆ. ಒಂದು ಹೆಚ್ಚು, ಇಲ್ಲ ಒಂದು ಕಡಿಮೆ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ, ಇಲ್ಲವೇ ಭ್ರೂಣದ ಮೊದಲ ವಿಭಜನೆಗಳಲ್ಲಿ ಆಗುವ ಎಣಿಕೆಯ ತಪ್ಪು ಇದು. ಯಾರ ನಡತೆಗೂ ಸಂಬಂಧವಿಲ್ಲ. ಹೆಣ್ಣಿನ ವಯಸ್ಸು ಮೂವತ್ತೈದು ದಾಟಿದ ಮೇಲೆ ಈ ತಪ್ಪು ಹೆಚ್ಚುತ್ತಾ ಹೋಗುತ್ತದೆ ಎಂಬುದು ನಿಜ. ಇತ್ತೀಚಿನ ಸಂಶೋಧನೆಗಳು ಇನ್ನೊಂದು ಮಾತು ಹೇಳುತ್ತಿವೆ: ಗರ್ಭಕೋಶದ ಒಳಪದರದ ಕೋಶಗಳು ಬಂದ ಭ್ರೂಣದ ಗುಣವನ್ನು ಪರಿಶೀಲಿಸುತ್ತವೆ, ಕೆಟ್ಟದ್ದೆಂದು ಕಂಡರೆ ಬೆಂಬಲ ಹಿಂತೆಗೆದುಕೊಳ್ಳುತ್ತವೆ. ಪದೇಪದೇ ಗರ್ಭಪಾತವಾಗುವ ಕೆಲವು ಮಹಿಳೆಯರಲ್ಲಿ ಈ ಪರಿಶೀಲನೆ ಸಡಿಲವಾಗಿರುತ್ತದೆ. ನಿಲ್ಲಬಾರದ್ದೂ ಕೆಲವು ವಾರ ನಿಂತು ಆಮೇಲೆ ಹೋಗುತ್ತದೆ. ಹಾಗಾದರೆ ನಿಲ್ಲದೆ ಹೋದ ಎಷ್ಟೋ ಗರ್ಭಗಳಲ್ಲಿ ಆ ಹೆಣ್ಣಿನ ಶರೀರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅವಳನ್ನು ದೂರುವುದು ಎಂಥ ಅನ್ಯಾಯ!

ಬೀಜ ಗಂಡಿನದು, ಹೊಲ ಹೆಣ್ಣಿನದು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಬೆಳೆ ಬರದಿದ್ದರೆ ಹೊಲವೇ ಸರಿಯಿಲ್ಲ ಎಂದು ತೀರ್ಪು ಕೊಡುವುದಕ್ಕೆ ಅದು ಅನುಕೂಲವಾಗಿದೆ. ವಿಜ್ಞಾನ ಈ ಮಾತನ್ನು 1984ರಲ್ಲೇ ಕೆಡವಿಹಾಕಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರು, ಅಮೆರಿಕದಲ್ಲಿ ಮೆಗ್ರಾತ್ ಮತ್ತು ಸೋಲ್ಟರ್, ಬೇರೆಬೇರೆಯಾಗಿ ಇಲಿಯ ಭ್ರೂಣಗಳ ಮೇಲೆ ಪ್ರಯೋಗ ನಡೆಸಿದರು. ಎರಡೂ ಪಾಲು ತಾಯಿಯ ಕಡೆಯಿಂದಲೇ ಬಂದ ಭ್ರೂಣದಲ್ಲಿ ಮರಿಯ ದೇಹ ಒಂದಿಷ್ಟು ಬೆಳೆಯಿತು, ಮಾಸು ಸರಿಯಾಗಿ ಬೆಳೆಯಲಿಲ್ಲ. ಎರಡೂ ಪಾಲು ತಂದೆಯ ಕಡೆಯಿಂದಲೇ ಬಂದದ್ದರಲ್ಲಿ ಮಾಸಿನ ಭಾಗ ಬೆಳೆಯಿತು, ಮರಿ ಬೆಳೆಯಲಿಲ್ಲ. ಅಂದರೆ ಗೋಡೆಯನ್ನು ಹಿಡಿಯುವ, ಆಹಾರ ಎಳೆದುಕೊಳ್ಳುವ ಅಂಗ ಚೆನ್ನಾಗಿ ಬೆಳೆಯಬೇಕಾದರೆ ತಂದೆಯಿಂದ ಬಂದ ವಂಶವಾಹಿಗಳು ಬೇಕೇ ಬೇಕು. ಗರ್ಭ ಕಚ್ಚಿ ನಿಲ್ಲುವ ಕೆಲಸದಲ್ಲಿ ಗಂಡಿನ ಪಾಲು ಮೊದಲ ರಾತ್ರಿಗೇ ಮುಗಿಯುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಬೀಡಿ, ಗುಟ್ಕಾ, ಕುಡಿತ ವೀರ್ಯಾಣುಗಳನ್ನು ಕೆಡಿಸುತ್ತವೆ. ನಮ್ಮ ಕುರಿಗಾರರಿಗೆ ಇದು ಗೊತ್ತಿಲ್ಲದ ವಿಚಾರವೇನಲ್ಲ. ಮಂದೆಯಲ್ಲಿ ಗಬ್ಬ ನಿಲ್ಲದಿದ್ದರೆ ಅವರು ಟಗರನ್ನೂ ಅನುಮಾನದಿಂದ ನೋಡುತ್ತಾರೆ. ಮನೆಯೊಳಗೆ ಮಾತ್ರ ಆ ತಿಳಿವಳಿಕೆ ಬರುವುದಿಲ್ಲ.

ಹಾಗೆಂದು ಗರ್ಭಕೋಶದ ಕಡೆ ತೊಂದರೆಗಳೇ ಇಲ್ಲವೆಂದಲ್ಲ. ಒಳಪದರದಲ್ಲಿ ಬೆಳೆದ ದುರ್ಮಾಂಸ, ಒಳಗೆ ಚಾಚಿದ ಗಡ್ಡೆ, ನೀರು ತುಂಬಿ ಊದಿದ ಟ್ಯೂಬು, ಹದ ತಪ್ಪಿದ ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ, ಇವೆಲ್ಲ ಅಡ್ಡಿ ಮಾಡುತ್ತವೆ. ಇವುಗಳಲ್ಲಿ ಬಹುಪಾಲಿಗೆ ಚಿಕಿತ್ಸೆ ಇದೆ. ನಮ್ಮ ದೇಶದಲ್ಲಿ ವಿಶೇಷವಾಗಿ ಹೇಳಲೇಬೇಕಾದದ್ದು ಕ್ಷಯ. ಕ್ಷಯವೆಂದರೆ ಕೆಮ್ಮು, ಕಫ ಎಂದಷ್ಟೇ ಎಣಿಸುತ್ತೇವೆ. ಅದರ ರೋಗಾಣು ಶ್ವಾಸಕೋಶದಿಂದ ರಕ್ತದ ಮೂಲಕ ಟ್ಯೂಬುಗಳಿಗೆ, ಗರ್ಭಕೋಶಕ್ಕೆ ಹೋಗಿ ಸದ್ದಿಲ್ಲದೆ ಕೂರುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ, ಮುಟ್ಟಿನ ಸ್ರಾವ ಮಾತ್ರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಬರುತ್ತದೆ. ಒಳಪದರ ಗಾಯವಾಗಿ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ಎಷ್ಟು ಒಳ್ಳೆಯ ಭ್ರೂಣ ಬಂದರೂ ಹಿಡಿಯಲು ಜಾಗವಿರುವುದಿಲ್ಲ. ಬೇಗ ಗೊತ್ತಾದರೆ ಸರ್ಕಾರಿ ಆಸ್ಪತ್ರೆಯಲ್ಲೇ ಕ್ಷಯದ ಔಷಧಿ ಉಚಿತ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.

ಈಗ ಐವಿಎಫ್ ಮಾತು. ತುಮಕೂರು, ಬೆಂಗಳೂರಿನ ಕಡೆ ಹೋಗಿ ಲಕ್ಷಗಟ್ಟಲೆ ಸುರಿಯುವ ಕುಟುಂಬಗಳು ನಮ್ಮ ತಾಲೂಕುಗಳಲ್ಲೂ ಹೆಚ್ಚಿವೆ. ಜಮೀನು ಅಡವಿಟ್ಟವರಿದ್ದಾರೆ. ಭ್ರೂಣ ಬಿಡುವ ದಿನ ಏನಾಗುತ್ತದೆ ಎಂದರೆ, ಮೂತ್ರಕೋಶ ತುಂಬಿಸಿಕೊಂಡು ಮಲಗಿದ ಹೆಣ್ಣುಮಗಳ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಹಿಡಿಯುತ್ತಾರೆ. ಮೆತ್ತಗಿನ ಸಣ್ಣ ಕೊಳವೆ ಒಳಗೆ ಹೋಗುತ್ತದೆ. ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಮಿಂಚಿ ನಿಲ್ಲುತ್ತದೆ. ಆ ಚುಕ್ಕೆ ಭ್ರೂಣವಲ್ಲ, ಅದರ ಜೊತೆಯ ಹನಿ ದ್ರವ ಮತ್ತು ಗಾಳಿಗುಳ್ಳೆ. ಭ್ರೂಣ ಕಾಣುವಷ್ಟು ದೊಡ್ಡದಿಲ್ಲ. ಕೆಲವೇ ನಿಮಿಷದ ಕೆಲಸ, ನೋವೂ ಅಷ್ಟಾಗಿ ಇರುವುದಿಲ್ಲ. ನಿಜವಾದ ಸಂಕಟ ಮನೆಗೆ ಬಂದ ಮೇಲೆ ಶುರುವಾಗುತ್ತದೆ. "ಏಳಬೇಡ ಕಣಮ್ಮಾ, ಮೆಟ್ಟಿಲು ಹತ್ತಬೇಡ, ಕೆಮ್ಮಿದರೂ ಜಾರಿಬಿಡುತ್ತೆ." ಎರಡು ವಾರ ಮಂಚದ ಮೇಲೆ. ಸ್ನಾನಕ್ಕೂ ಹೆದರಿಕೆ.

ಇದೆಲ್ಲ ಬೇಡ. ಗರ್ಭಕೋಶ ಬಾಯ್ತೆರೆದ ಖಾಲಿ ಚೀಲವಲ್ಲ; ಅದರ ಮುಂದಿನ ಗೋಡೆ ಹಿಂದಿನ ಗೋಡೆಗೆ ತಾಗಿಕೊಂಡೇ ಇರುತ್ತದೆ. ಒಳಗೆ ಬಿಟ್ಟ ಭ್ರೂಣ ನಡೆದಾಡಿದರೆ ಬೀಳುವುದಿಲ್ಲ. ಸ್ಪೇನಿನಲ್ಲಿ 240 ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಭ್ರೂಣ ಬಿಟ್ಟ ಕೂಡಲೇ ಎದ್ದು ನಡೆದವರಿಗೇ ಮಲಗಿದವರಿಗಿಂತ ಹೆಚ್ಚು ಮಕ್ಕಳಾದವು. ವೈದ್ಯರು ನಿರ್ದಿಷ್ಟ ಕಾರಣಕ್ಕೆ ವಿಶ್ರಾಂತಿ ಹೇಳಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಅವಳು ಎಂದಿನಂತೆ ಓಡಾಡಲಿ. ಕೆಲವು ಕಡೆ ಹೆಚ್ಚುವರಿ ದುಡ್ಡಿಗೆ ಒಳಪದರವನ್ನು ಮುಂಚಿತವಾಗಿ ಗೀರುವ ಚಿಕಿತ್ಸೆಯನ್ನೂ ಮಾರುತ್ತಾರೆ. 1,364 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗೀರಿಸಿಕೊಂಡವರಲ್ಲೂ ಗೀರಿಸಿಕೊಳ್ಳದವರಲ್ಲೂ ಮಗು ಪಡೆದವರು ನೂರಕ್ಕೆ 26.1. ಎರಡೂ ಒಂದೇ. ಭ್ರೂಣ ಬಿಡಲು ಸರಿಯಾದ ಗಳಿಗೆ ಯಾವುದೆಂದು ಒಳಪದರದ ವಂಶವಾಹಿಗಳನ್ನು ಓದಿ ಹೇಳುವ ದುಬಾರಿ ಪರೀಕ್ಷೆಯೂ 2022ರ ದೊಡ್ಡ ಪ್ರಯೋಗದಲ್ಲಿ ಲಾಭ ತೋರಿಸಲಿಲ್ಲ. ಇಂಥವುಗಳಿಗೆ ಸಹಿ ಹಾಕುವ ಮುನ್ನ "ಇದರಿಂದ ಮಗು ಆಗುವ ಅವಕಾಶ ಹೆಚ್ಚುತ್ತದೆಯೇ?" ಎಂದು ನೇರವಾಗಿ ಕೇಳಿ. ಕೇಂದ್ರ ನೋಂದಣಿಯಾಗಿದೆಯೇ ಎಂದೂ ಕೇಳಿ. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ನೋಂದಣಿ ಇಲ್ಲದೆ ಯಾರೂ ಈ ಚಿಕಿತ್ಸೆ ಕೊಡುವಂತಿಲ್ಲ. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದ ವಯೋಮಿತಿಯೂ ಇದೆ.

ನೆಲೆಯೂರುವ ಜಾಗ ತಪ್ಪಿದರೆ ಆಗುವ ಅಪಾಯವನ್ನೂ ಹೇಳಿಬಿಡಬೇಕು. ನೂರಕ್ಕೆ ಒಂದೆರಡು ಗರ್ಭಗಳು ಟ್ಯೂಬಿನಲ್ಲೇ ಕಚ್ಚಿಕೊಳ್ಳುತ್ತವೆ. ಅಲ್ಲಿ ಮಗು ಬೆಳೆಯಲು ಸಾಧ್ಯವಿಲ್ಲ, ಟ್ಯೂಬು ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ಪ್ರಾಣಕ್ಕೆ ಕುತ್ತು ಬರುತ್ತದೆ. ಹಿಂದಿನ ಸಿಸೇರಿಯನ್ ಗಾಯದ ಮೇಲೆ ಗರ್ಭ ಕೂತರೆ ಮಾಸು ಗೋಡೆಯ ಆಳಕ್ಕಿಳಿದು ಹೆರಿಗೆಯ ಹೊತ್ತಿಗೆ ಬಿಡಿಸಿಕೊಳ್ಳುವುದಿಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 31 ಹೆರಿಗೆಗಳು ಸಿಸೇರಿಯನ್. ಹಾಗಾಗಿ ಎರಡನೇ ಬಸಿರಿನ ಮೊದಲ ಸ್ಕ್ಯಾನಿಂಗ್ ಬೇಗ ಆಗುವುದು ಒಳ್ಳೆಯದು. ಮಾಸಿನ ಕೋಶಗಳು ತಾಯಿಯ ಸುರುಳಿ ರಕ್ತನಾಳಗಳನ್ನು ಸಾಕಷ್ಟು ಅಗಲಿಸದೆ ಹೋದರೆ ಏಳೆಂಟನೇ ತಿಂಗಳಲ್ಲಿ ಬಿಪಿ ಏರಿ ಕೈಕಾಲು ಊದಿಕೊಳ್ಳಬಹುದು. ಬಸುರಿಯ ಬಿಪಿಯ ಬೇರು ಎಷ್ಟೋ ಸಲ ಆ ಮೊದಲ ವಾರಗಳಲ್ಲೇ ಇರುತ್ತದೆ. ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿಕೊಳ್ಳಿ ಎಂದು ಎಎನ್‌ಎಂ ಒತ್ತಾಯ ಮಾಡುವುದು ಸುಮ್ಮನೆ ಅಲ್ಲ.

ಕಡೆಯದಾಗಿ ಮನೆಯವರಲ್ಲಿ ಒಂದು ಕೋರಿಕೆ. ಗೊರವನಹಳ್ಳಿಗೆ ಹೋಗುವುದಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ ಬನ್ನಿ. ಆಸ್ಪತ್ರೆಗೂ ಇಬ್ಬರೂ ಹೋಗಿ. ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ, ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ನೋಡಿ. ಅವಳಿಗೆ ಟ್ಯೂಬಿನ ಎಕ್ಸ್‌ರೇ, ಚುಚ್ಚುಮದ್ದು ಎಂದು ಶುರುಮಾಡುವ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ಎರಡರಿಂದ ಏಳು ದಿನ ಸಂಯಮವಿದ್ದು ಒಂದು ಮಾದರಿ ಕೊಟ್ಟರೆ ಮುಗಿಯಿತು. ಎಲ್ಲಕ್ಕಿಂತ ಸುಲಭದ, ಅಗ್ಗದ, ನೋವಿಲ್ಲದ ಪರೀಕ್ಷೆ ಅದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ರಕ್ತ ಕಾಣಿಸುವುದು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ 108ಕ್ಕೆ ಕರೆ ಮಾಡಿ.